ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ತಯಾರಿ

ಮೇ ತಿಂಗಳು ಮುಗಿಯುವುದರೊಳಗೆ ನಮ್ಮ ಮನೆಯಲ್ಲಿ ಒಂದು ಕೆಲಸ ಆಗಲೇಬೇಕು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಏನಿದೆ, ಏನು ಮುಗಿದಿದೆ, ಯಾವುದಕ್ಕೆ ಹುಳ ಬಿದ್ದಿದೆ ಅಂತ ನೋಡಿ, ಮಳೆಗಾಲಕ್ಕೆ ಮನೆಯನ್ನು ಸಜ್ಜು ಮಾಡುವುದು. ನಾವಿರುವುದು ಮುಂಬೈನ ಕುರ್ಲಾ ಪೂರ್ವದಲ್ಲಿ, ಮೂರನೇ ಮಹಡಿ. ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಯಜಮಾನರು, ಅತ್ತೆ, ಮಗಳು, ನಾನು. ಮೂಟೆ ಇಡಲು ಜಾಗವೇ ಇಲ್ಲ. ಆದರೂ ಎರಡು ವಾರ ಅಂಗಡಿಗೆ ಹೋಗದೆ ಉಣ್ಣುವಷ್ಟು ದಿನಸಿ, ಮೂರು ದಿನ ನಲ್ಲಿ ಬರದಿದ್ದರೂ ಸಾಲುವಷ್ಟು ನೀರು ನಮ್ಮಲ್ಲಿ ಯಾವಾಗಲೂ ಇರುತ್ತದೆ.

ಊರಿಂದ ಹೊಸದಾಗಿ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗಿಯರು ಇದನ್ನು ನೋಡಿ, "ಅಕ್ಕಾ, ನಾವೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಅಕ್ಕಿಯಿಂದ ಶುರು ಮಾಡುತ್ತಾರೆ. ದೊಡ್ಡ ಚೀಲ ತಂದು ಮೂಲೆಯಲ್ಲಿಟ್ಟರೆ ಧೈರ್ಯ ಬಂದ ಹಾಗಾಗುತ್ತದೆ. ನಾನು ಹೇಳುವುದು ಬೇರೆ. ಮನೆಯಲ್ಲಿ ಮೊದಲು ಏನು ಕೈಕೊಡುತ್ತದೋ ಅಲ್ಲಿಂದ ಶುರು ಮಾಡಿ. ಅಕ್ಕಿ ಕೈಕೊಡುವುದು ಕೊನೆಗೆ.

ಈ ಊರಲ್ಲಿ ಆಗಿದ್ದನ್ನೇ ನೋಡಿ. 2005ರ ಜುಲೈ 26ರಂದು ಉಪನಗರ ಸಾಂತಾಕ್ರೂಜ್‌ನಲ್ಲಿ 24 ಗಂಟೆಯೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿನಲ್ಲಿ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದಿದ್ದು ಬರೀ 73 ಮಿಲಿಮೀಟರ್. ದಕ್ಷಿಣ ಮುಂಬೈನ ಆಫೀಸಿನಲ್ಲಿ ಕೂತವರಿಗೆ ತಮ್ಮ ಮನೆ ಹತ್ತಿರ ಏನಾಗುತ್ತಿದೆ ಅನ್ನುವ ಅಂದಾಜೇ ಇರಲಿಲ್ಲ. ಮಿಠಿ ನದಿ ಉಕ್ಕಿತು, ಲೋಕಲ್ ರೈಲು ನಿಂತವು, ಫೋನ್ ಸಿಗಲಿಲ್ಲ. ಯಜಮಾನರು ಆ ರಾತ್ರಿ ಆಫೀಸಿನಲ್ಲೇ ಕಳೆದರು. ಅತ್ತೆ ಕೆಳಗಿನ ಮನೆಯವರನ್ನು ಮೇಲೆ ಕರೆದುಕೊಂಡು, ಇದ್ದ ಹಿಟ್ಟಿನಲ್ಲಿ ಎಲ್ಲರಿಗೂ ರೊಟ್ಟಿ ಬಡಿದರಂತೆ. ಹಿಟ್ಟಿಗೆ ಕೊರತೆ ಆಗಲಿಲ್ಲ, ಕುಡಿಯುವ ನೀರಿಗೆ ಪರದಾಡಿದೆವು ಅಂತ ಈಗಲೂ ಹೇಳುತ್ತಾರೆ.

ಆಮೇಲೆ 2020ರ ಮಾರ್ಚ್. ಲಾಕ್‌ಡೌನ್ ಅಂದ ರಾತ್ರಿಯೇ ಕಿರಾಣಿ ಅಂಗಡಿ ಮುಂದೆ ಸಾಲು. ಆಗ ನೀರು, ಕರೆಂಟು, ಗ್ಯಾಸ್ ಎಲ್ಲ ಇತ್ತು, ಅಂಗಡಿಗೆ ಹೋಗುವುದೇ ಕಷ್ಟ. ಅದೇ ವರ್ಷ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೆಟ್ಟು ಮುಂಬೈನ ಬಹುಭಾಗಕ್ಕೆ ಕರೆಂಟು ಹೋಯಿತು. ಆಗ ಅಂಗಡಿ ತೆರೆದಿತ್ತು, ಆದರೆ ಲೋಕಲ್ ನಿಂತಿತ್ತು, ನೀರಿನ ಪಂಪು ನಿಂತಿತ್ತು. ಒಂದೊಂದು ಸಲ ಒಂದೊಂದು ಇಲ್ಲವಾಗುತ್ತದೆ. ಹಾಗಾಗಿ ಅಕ್ಕಿ ಚೀಲ ಒಂದನ್ನೇ ನಂಬಿದರೆ ಆಗುವುದಿಲ್ಲ.

ಮೊದಲು ನೀರು. ನಮ್ಮ ಕಟ್ಟಡಗಳಲ್ಲಿ ನೀರು ಹೇಗೆ ಬರುತ್ತದೆ ಅಂತ ಒಮ್ಮೆ ಯೋಚಿಸಿ. ಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ ಬಂದು ಕೆಳಗಿನ ನೆಲದ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ ಪಂಪು ಗಚ್ಚಿಯ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಕರೆಂಟು ಹೋದರೆ ಪಂಪಿಲ್ಲ. ಮೇಲಿನ ಟ್ಯಾಂಕಿನಲ್ಲಿ ಇದ್ದಷ್ಟು ನೀರು ಎಲ್ಲರೂ ಬಳಸಿದರೆ ಸಂಜೆಯೊಳಗೆ ಖಾಲಿ. ಮಳೆನೀರು ಅಂಗಳಕ್ಕೆ ನುಗ್ಗಿದರೆ ಇನ್ನೂ ಕಷ್ಟ. ಗಟಾರದ ನೀರು ನೆಲದ ಟ್ಯಾಂಕಿಗೆ ಸೇರಿದರೆ, ಅದನ್ನು ಖಾಲಿ ಮಾಡಿ ತೊಳೆಯುವವರೆಗೂ ಆ ನೀರು ಬಾಯಿಗೆ ಹಾಕುವ ಹಾಗಿಲ್ಲ. ಗೋಡೆಗೆ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಇದೆಯಲ್ಲ ಅಂತೀರಾ? ಅದಕ್ಕೂ ಕರೆಂಟು ಬೇಕು, ನಲ್ಲಿಯಲ್ಲಿ ನೀರೂ ಬೇಕು. ಸುತ್ತ ಎಲ್ಲೆಲ್ಲೂ ನೀರು ನಿಂತಿರುವ ದಿನವೇ ಕುಡಿಯಲು ನೀರಿಲ್ಲದೆ ಹೋಗುತ್ತದೆ.

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ಮೂರು ದಿನಕ್ಕೆ 48 ಲೀಟರ್. ನಮ್ಮಲ್ಲಿ 20 ಲೀಟರಿನ ಎರಡು ಕ್ಯಾನು ಮಂಚದ ಕೆಳಗೆ, ಉಳಿದ 8 ಲೀಟರ್ ಬಾಟಲಿಗಳಲ್ಲಿ, ಬಟ್ಟೆ ಕಪಾಟಿನ ತಳದಲ್ಲಿ. ಪ್ರತಿ ಅಮವಾಸ್ಯೆಗೆ ಹಳೇ ನೀರನ್ನು ಗಿಡಕ್ಕೆ, ನೆಲ ಒರೆಸಲು ಬಳಸಿ ಹೊಸದು ತುಂಬುತ್ತೇವೆ. ತಾರೀಖು ಮರೆತುಹೋಗುತ್ತದೆ, ಅಮವಾಸ್ಯೆಯನ್ನು ಅತ್ತೆ ಮರೆಯುವುದಿಲ್ಲ. ಬಚ್ಚಲಿಗೆ ಬೇರೆ ಡ್ರಮ್ ಇದೆ. ಜೋರು ಮಳೆಯ ಮುನ್ಸೂಚನೆ ಬಂದ ದಿನ ಅದನ್ನು ಕಂಠಪೂರ್ತಿ ತುಂಬಿಸಿ ಮುಚ್ಚಳ ಬಿಗಿ ಮಾಡುತ್ತೇವೆ. ಮುಚ್ಚಳ ಇಲ್ಲದ ಡ್ರಮ್ ಇಡಲೇಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಅಂಥ ನಿಂತ ತಿಳಿನೀರಿನಲ್ಲೇ.

ಇಟ್ಟ ನೀರು ಮುಗಿದು, ಸಂಶಯದ ನೀರನ್ನೇ ಬಳಸಬೇಕಾಗಿ ಬಂದರೆ ಮೊದಲು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಆಮೇಲೆ ಕುದಿಸಿ. ಕುದಿ ಬಂದ ಮೇಲೂ ಒಂದು ನಿಮಿಷ ಹಾಗೇ ಕೊತಕೊತ ಕುದಿಯಬೇಕು. ಗ್ಯಾಸ್ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ. ಎಷ್ಟು ಲೀಟರಿಗೆ ಎಷ್ಟು ಮಾತ್ರೆ ಅನ್ನುವುದು ಪೊಟ್ಟಣದ ಮೇಲೆ ಇರುತ್ತದೆ. ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಆದರೆ ರಾಸಾಯನಿಕವೋ ಡೀಸೆಲ್ಲೋ ಬೆರೆತ ನೀರಿಗೆ ಕುದಿಸುವುದೂ ಉಪಾಯವಲ್ಲ, ಮಾತ್ರೆಯೂ ಉಪಾಯವಲ್ಲ. ವಾಸನೆ ಬಂದರೆ ಬಿಟ್ಟುಬಿಡಿ.

ನೀರಾದ ಮೇಲೆ, ಬೆಂಕಿ ಇಲ್ಲದೆ ತಿನ್ನುವ ಊಟ. ಅಕ್ಕಿ, ಬೇಳೆ ಎಷ್ಟೇ ಇರಲಿ, ಒಲೆ ಹತ್ತದಿದ್ದರೆ ಏನು ಮಾಡುತ್ತೀರಿ? ಇಲ್ಲಿ ನಮ್ಮ ಉತ್ತರ ಕರ್ನಾಟಕದವರು ಪುಣ್ಯವಂತರು. ಖಡಕ್ ಜೋಳದ ರೊಟ್ಟಿ ಇದಕ್ಕೆಂದೇ ಇದೆ. ತೆಳ್ಳಗೆ ಬಡಿದು, ಎರಡೂ ಕಡೆ ಬೇಯಿಸಿ, ಸಣ್ಣ ಉರಿಯಲ್ಲಿ ನೀರಿನ ಪಸೆ ಪೂರ್ತಿ ಹೋಗುವವರೆಗೂ ಒಣಗಿಸಿದ ರೊಟ್ಟಿ. ಪಸೆಯೇ ಇಲ್ಲದ ಮೇಲೆ ಬೂಷ್ಟು ಎಲ್ಲಿಂದ ಬರಬೇಕು? ಬಾಗಲಕೋಟೆಯಲ್ಲಿ ಅದನ್ನು ಬಟ್ಟೆಯಲ್ಲಿ ಕಟ್ಟಿ ತಿಂಗಳುಗಟ್ಟಲೆ ಇಡುತ್ತಾರೆ. ಮುಂಬೈಯಲ್ಲಿ ಜೂನ್ ಬಂದರೆ ಬಟ್ಟೆಯಲ್ಲಿಟ್ಟ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಅದಕ್ಕೆ ನಾವು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇವೆ. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ಮೂರು. ಪದೇಪದೇ ತೆಗೆಯುವುದು ಒಂದೇ ಡಬ್ಬಿ, ಉಳಿದವಕ್ಕೆ ಗಾಳಿ ತಾಗುವುದಿಲ್ಲ.

ಜೊತೆಗೆ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಒಂದು ಬಾಟಲಿ ಎಣ್ಣೆ. ಕರಾವಳಿಯವರಿಗೆ, ಮೈಸೂರು ಕಡೆಯವರಿಗೆ ರೊಟ್ಟಿ ಒಗ್ಗದಿದ್ದರೆ ತೆಳು ಅವಲಕ್ಕಿ, ಚುರುಮುರಿ, ಪುಟಾಣಿ (ಹುರಿಗಡಲೆ), ಬೆಲ್ಲ, ಖರ್ಜೂರ, ಹಾಲಿನ ಪುಡಿ, ಬಿಸ್ಕತ್ತು. ಹುರಿಹಿಟ್ಟು ಇದ್ದರಂತೂ ಬಹಳ ಒಳ್ಳೆಯದು. ಬರೀ ಹಪ್ಪಳ, ಉಪ್ಪಿನಕಾಯಿ, ಖಾರದ ಕುರುಕಲು ತುಂಬಿಡಬೇಡಿ. ಉಪ್ಪು ತಿಂದಷ್ಟೂ ನೀರಡಿಕೆ ಜಾಸ್ತಿ, ಮತ್ತೆ ಆ 48 ಲೀಟರಿಗೇ ಕೈ ಹಾಕಬೇಕು. ಮನೆಯವರು ಇಷ್ಟಪಟ್ಟು ತಿನ್ನುವುದನ್ನೇ ಇಡಿ. ಕಷ್ಟದ ದಿನ ಮಕ್ಕಳು ಹೊಸ ರುಚಿ ಒಪ್ಪುವುದಿಲ್ಲ, ವಯಸ್ಸಾದವರ ಹೊಟ್ಟೆಯೂ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ದಿನಸಿ. ಪರಿಹಾರ ಶಿಬಿರಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 2100 ಕ್ಯಾಲೊರಿ ಅಂತ ಹಿಡಿದು ಪಡಿ ಹಂಚುತ್ತಾರೆ. ಅದರಲ್ಲಿ ದೊಡ್ಡ ಪಾಲು ಹತ್ತಿರ ಹತ್ತಿರ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ. ಇದನ್ನೇ ನಾಲ್ಕು ಜನಕ್ಕೆ ಎರಡು ವಾರಕ್ಕೆ ಲೆಕ್ಕ ಹಾಕಿದರೆ ಧಾನ್ಯ 22 ಕೆಜಿ, ಬೇಳೆಕಾಳು ಮೂರೂವರೆ ಕೆಜಿ, ಎಣ್ಣೆ ಒಂದೂವರೆ ಲೀಟರ್. ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಬೇಳೆಯನ್ನು 5 ಕೆಜಿ ಮಾಡಿಕೊಳ್ಳುವುದು ಒಳ್ಳೆಯದು. ಅಕ್ಕಿ 10, ಗೋಧಿ 6, ಜೋಳ 6. ನೋಡಿ, ಇದು ಹೆಚ್ಚುಕಡಿಮೆ ನಮ್ಮ ತಿಂಗಳ ಕಿರಾಣಿಯ ಅರ್ಧ. ಹೊಸದಾಗಿ ದುಡ್ಡು ಸುರಿಯಬೇಕಾಗಿಲ್ಲ. ಡಬ್ಬಿ ಖಾಲಿಯಾದ ಮೇಲೆ ತರುವ ಬದಲು ಅರ್ಧಕ್ಕೆ ಬಂದಾಗಲೇ ತನ್ನಿ, ಅಷ್ಟೇ. ಒಮ್ಮೆ ಮಾತ್ರ ಅರ್ಧ ತಿಂಗಳಿನದು ಹೆಚ್ಚಿಗೆ ಕೊಳ್ಳಬೇಕಾಗುತ್ತದೆ. ಅದನ್ನೂ ನಾಲ್ಕೈದು ವಾರಕ್ಕೆ ಹಂಚಿಕೊಂಡರೆ ಕೈಗೆ ಭಾರ ಆಗುವುದಿಲ್ಲ. ಲಾಕ್‌ಡೌನ್ ಸಾಲಿನಲ್ಲಿ ನಿಂತು ಅಂಗಡಿಯಲ್ಲಿ ಉಳಿದ ಹತ್ತು ಕೆಜಿಯನ್ನೂ ಒಬ್ಬರೇ ಹೊತ್ತುಕೊಂಡು ಹೋಗುವುದು ತಯಾರಿ ಅಲ್ಲ, ಅದು ಹಿಂದೆ ನಿಂತವರ ಊಟ ಕಿತ್ತುಕೊಂಡಂತೆ. ಸುಗ್ಗಿಯ ಹೊತ್ತಿಗೆ, ಎಲ್ಲ ಕಡೆ ಮಾಲು ಇರುವಾಗ ಕೊಳ್ಳಬೇಕು.

ಇನ್ನು ಇದನ್ನು ಕೆಡದ ಹಾಗೆ ಇಡುವುದು. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ, ಯಾಕೆಂದರೆ ನಮ್ಮ ಹಿರಿಯರು ಇದರಲ್ಲಿ ಪಳಗಿದವರು. ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ಹಾಕುತ್ತಿದ್ದರು. ಗಟ್ಟಿ ನೆಲದಲ್ಲಿ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಇರುವ ಗುಂಡಿ ತೋಡಿ, ತಳಕ್ಕೂ ಗೋಡೆಗೂ ಒಣಹುಲ್ಲು ಕೊಟ್ಟು, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇರುತ್ತಿತ್ತು. ಬರಗಾಲದಲ್ಲಿ ಊರು ಉಳಿಯುತ್ತಿದ್ದದ್ದು ಅದರಿಂದಲೇ. ಒಳಗೆ ನಡೆಯುವುದು ಇಷ್ಟು: ಕಾಳು ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗೆ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಗ ಹುಳ ಬದುಕುವುದಿಲ್ಲ, ಕಾಳು ಉಳಿಯುತ್ತದೆ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಇನ್ನೂ ಕೆಟ್ಟ ಗಾಳಿ ಇದೆ ಅಂತ ಅರ್ಥ. ಅತ್ತೆ ಚಿಕ್ಕವರಿದ್ದಾಗ ತವರಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದಾರೆ.

ಇವತ್ತು ಆನ್‌ಲೈನಿನಲ್ಲಿ ಆಮ್ಲಜನಕ ಹೀರುವ ಸಣ್ಣ ಪೊಟ್ಟಣಗಳು ಸಿಗುತ್ತವಲ್ಲ, ಅವು ಮಾಡುವುದೂ ಇದೇ ಕೆಲಸ. ಎರಡು ವಾರದ ದಿನಸಿಗೆ ಅವು ಬೇಕಾಗಿಲ್ಲ. ವರ್ಷದ ಅಕ್ಕಿ ಇಡುವವರು ಬಳಸಬಹುದು. ಬರೀ ಬಿಗಿ ಡಬ್ಬಿ ಇದ್ದರೂ ಸಾಕು, ಕಾಳು ಪೂರಾ ಒಣಗಿರಬೇಕು, ಡಬ್ಬಿ ಬಾಯಿಮಟ ತುಂಬಿರಬೇಕು. ಅರ್ಧ ಖಾಲಿ ಡಬ್ಬಿಯಲ್ಲಿ ಹುಳಕ್ಕೆ ಬೇಕಾದಷ್ಟು ಗಾಳಿ ಇರುತ್ತದೆ. ತೊಳೆದು ಚೆನ್ನಾಗಿ ಒಣಗಿಸಿದ ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ಅಕ್ಕಿ ತುಂಬಿ, ತಟ್ಟಿ ತಟ್ಟಿ ಇನ್ನಷ್ಟು ಇಳಿಸಿ, ಮುಚ್ಚಳ ಬಿಗಿ ಮಾಡಿದರೆ ನಮ್ಮಂಥ ಸಣ್ಣ ಮನೆಗೆ ಅದೇ ಹಗೇವು.

ಮುಂಬೈಯಲ್ಲಿ ನಮ್ಮ ದೊಡ್ಡ ಶತ್ರು ತೇವ. ಕಾಳಿನಲ್ಲಿ ತೇವ ನೂರಕ್ಕೆ 12ಕ್ಕಿಂತ ಕಡಿಮೆ ಇರಬೇಕು ಅನ್ನುತ್ತಾರೆ. ಮನೆಯಲ್ಲಿ ಅಳೆಯಲು ಯಂತ್ರ ಎಲ್ಲಿದೆ? ಅತ್ತೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಕಟ್ ಅಂತ ಮುರಿದರೆ ಒಣಗಿದೆ, ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ಪಕ್ಕದ ಮನೆಯ ಕಾಕು ಸಾತಾರಾ ಕಡೆಯವರು. ಏಪ್ರಿಲ್‌ನಲ್ಲಿ ವರ್ಷದ ಗೋಧಿ ತರಿಸಿ ಗಚ್ಚಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸುತ್ತಾರೆ. ನಾವೂ ಅವರ ಪಕ್ಕದಲ್ಲೇ ನಮ್ಮ ಸೀರೆ ಹಾಸುತ್ತೇವೆ. ಸಂಜೆ ಕೆಳಗೆ ತಂದ ಕಾಳನ್ನು ಬಿಸಿ ಇರುವಾಗಲೇ ಡಬ್ಬಿಗೆ ಹಾಕಬಾರದು. ಪೂರ್ತಿ ಆರಬೇಕು. ಇಲ್ಲವಾದರೆ ಒಳಗೆ ಬೆವೆತು, ಒಣಗಿಸಿದ್ದೆಲ್ಲ ದಂಡ.

ಹುಳ ಹೊರಗಿಂದ ಡಬ್ಬಿಗೆ ನುಗ್ಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನುಸಿ ಕಾಳಿನೊಳಗೇ ತೂತು ಮಾಡಿ ಮೊಟ್ಟೆ ಇಡುತ್ತದೆ. ಅಂಗಡಿಯಿಂದ ತರುವಾಗಲೇ ಮೊಟ್ಟೆ ಬಂದಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಬೆಚ್ಚಗೆ, ತೇವ ಇದ್ದರೆ ಮರಿಯಾಗುತ್ತದೆ. ಒಂದೆರಡು ಕೆಜಿ ರವೆ, ಬೇಳೆ ಇದ್ದರೆ ಬಿಗಿಯಾದ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಡಿ, ಮೊಟ್ಟೆ ಸಮೇತ ಸಾಯುತ್ತವೆ. ತೆಗೆದ ಮೇಲೆ ಚೀಲ ಬಿಚ್ಚದೆ ಹಾಗೇ ಹೊರಗಿಟ್ಟು, ತಣ್ಣಗಿರುವುದು ಹೋದ ಮೇಲೆ ಬಿಚ್ಚಿ. ತೊಗರಿಬೇಳೆಗೆ ನಾವು ಸ್ವಲ್ಪ ಹರಳೆಣ್ಣೆ ಸವರುತ್ತೇವೆ. ಬೇವಿನ ಎಲೆ ಹಾಕುವವರು ಒಣಗಿದ ಎಲೆಯನ್ನೇ ಹಾಕಬೇಕು, ಹಸಿ ಎಲೆ ತೇವ ಬಿಡುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಕ್ಕಿಗೆ, ಬೇಳೆಗೆ ಬೋರಿಕ್ ಪುಡಿ ಬೆರೆಸುವ ರೂಢಿ ಈ ಕಡೆ ಕೆಲವು ಮನೆಗಳಲ್ಲಿ ಇದೆ. ಬೇಡ, ಅದು ಹೊಟ್ಟೆಗೆ ಹೋಗುವಂಥದ್ದಲ್ಲ. ಇನ್ನು ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾರೇ ಕೊಟ್ಟರೂ ಮನೆಯೊಳಗೆ ತರಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನ್ನುವ ವಿಷಗಾಳಿ ಏಳುತ್ತದೆ. ಮುಚ್ಚಿದ ಮನೆಯಲ್ಲಿ ಮಲಗಿದವರು ಏಳುವುದಿಲ್ಲ. ಹುಳ ಬಿದ್ದರೆ ಹತ್ತು ಕೆಜಿ ಅಕ್ಕಿ ಹೋಗುತ್ತದೆ, ಹೋಗಲಿ ಬಿಡಿ.

ಯಾವುದು ಎಷ್ಟು ದಿನ ಬಾಳುತ್ತದೆ? ಪಾಲಿಶ್ ಮಾಡಿದ ಅಕ್ಕಿ ಒಣಗಿದ್ದರೆ ವರ್ಷಕ್ಕೂ ಹೆಚ್ಚು. ಕೆಂಪಕ್ಕಿಯ ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಆರು ತಿಂಗಳೊಳಗೆ ಮುಗಿಸಿ. ಗೋಧಿಯನ್ನು ಕಾಳಾಗಿಯೇ ಇಡಿ, ಹಿಟ್ಟನ್ನು ತಿಂಗಳಿಗೆ ಬೇಕಾದಷ್ಟೇ ಬೀಸಿಸಿ. ಜೋಳದ ಹಿಟ್ಟು ಹಳೆಯದಾದರೆ ಕಹಿಯಾಗುವುದಷ್ಟೇ ಅಲ್ಲ, ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತದೆ. ಬೇಳೆಕಾಳು ಕೆಡುವುದಿಲ್ಲ ನಿಜ, ಆದರೆ ಸೆಕೆ ಮತ್ತು ತೇವದಲ್ಲಿ ಬಹಳ ಕಾಲ ಇದ್ದರೆ ಗಟ್ಟಿಯಾಗಿ, ಕುಕ್ಕರಿನಲ್ಲಿ ಎಷ್ಟು ಕೂಗಿಸಿದರೂ ಬೇಯುವುದಿಲ್ಲ. ಗ್ಯಾಸ್ ಉಳಿಸಬೇಕಾದ ದಿನ ಅಂಥ ಬೇಳೆ ಯಾರಿಗೆ ಬೇಕು? ಶೇಂಗಾಕ್ಕೆ ಬೂಷ್ಟು ಬಂದರೆ ತೊಳೆದು ಹುರಿದು ತಿನ್ನಲು ಹೋಗಬೇಡಿ, ಅದರ ವಿಷ ಹುರಿದರೂ ಹೋಗುವುದಿಲ್ಲ. ಉಪ್ಪು ಕೆಡುವುದೇ ಇಲ್ಲ. ಡಬ್ಬಿಯ ಮೇಲೆ ತಂದ ತಿಂಗಳು ಬರೆಯಿರಿ, ಹೊಸದು ಹಿಂದೆ, ಹಳೆಯದು ಮುಂದೆ.

ಬೆಂಕಿ, ಬೆಳಕಿನ ವಿಷಯ ಬೇಗ ಮುಗಿಸುತ್ತೇನೆ. ಕೊಳವೆ ಗ್ಯಾಸ್ ಇದ್ದರೆ ಕರೆಂಟು ಹೋದರೂ ಒಲೆ ಉರಿಯುತ್ತದೆ, ಬೆಂಕಿಕಡ್ಡಿ ಇರಲಿ. ಸಿಲಿಂಡರ್ ಇರುವವರು ಎರಡನೆಯದು ಖಾಲಿ ಇರದ ಹಾಗೆ ನೋಡಿಕೊಳ್ಳಿ. ಇದ್ದಿಲಿನ ಶೇಗಡಿಯನ್ನು ಕಿಟಕಿ ಮುಚ್ಚಿದ ಮನೆಯೊಳಗೆ ಹಚ್ಚಬೇಡಿ, ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ. ಮೇಣದಬತ್ತಿಗಿಂತ ಟಾರ್ಚ್ ಒಳ್ಳೆಯದು. ಕೆಳಮಹಡಿಯವರು ನೀರು ಹೊಸ್ತಿಲು ದಾಟುವ ಮುಂಚೆಯೇ ಮೇನ್ ಸ್ವಿಚ್ ಆರಿಸಬೇಕು. ಕರೆಂಟು ಹೋದಾಗ ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನದು ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ.

ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆಯುತ್ತಿದೆ. ಹಾಗಾಗಿ ಔಷಧದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಂದು ತಿಂಗಳ ಮಾತ್ರೆ ಯಾವಾಗಲೂ ಮುಂದಾಗಿ ಇರುತ್ತದೆ. ಬಳಸಲು ಶುರು ಮಾಡಿದ ಇನ್ಸುಲಿನ್ ಸಾಮಾನ್ಯವಾಗಿ ಫ್ರಿಜ್ ಇಲ್ಲದೆಯೂ 28 ದಿನ ಇರುತ್ತದೆ, ಆದರೆ ಕೋಣೆಯ ಸೆಕೆ 30 ಡಿಗ್ರಿ ದಾಟಬಾರದು. ನಿಮ್ಮ ಔಷಧಕ್ಕೆ ಎಷ್ಟು ಅನ್ನುವುದನ್ನು ಡಾಕ್ಟರನ್ನೇ ಕೇಳಿಕೊಳ್ಳಿ. ಒದ್ದೆ ಮಣ್ಣಿನ ಮಡಕೆಯಲ್ಲಿ ಇಡುವ ಉಪಾಯ ನಮ್ಮ ಒಣ ಊರುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಮಳೆಗಾಲದ ಮುಂಬೈಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಮಡಕೆ ಅಷ್ಟು ತಂಪಾಗುವುದಿಲ್ಲ. ಅದಕ್ಕೆ ಫ್ರೀಜರಿನಲ್ಲಿ ಐಸ್ ಪ್ಯಾಕ್ ಇಟ್ಟಿದ್ದೇವೆ. ಐಸ್ ನೇರ ತಾಗದ ಹಾಗೆ ಬಟ್ಟೆ ಸುತ್ತಿ, ಇನ್ಸುಲಿನ್ ಜೊತೆ ಥರ್ಮಸ್ ಡಬ್ಬಿಯಲ್ಲಿಡುವುದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಭೇದಿ ಆದಾಗ ಕೊಡುವ ಓಆರ್‌ಎಸ್ ಪೊಟ್ಟಣ ತೀರಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾ ಚಮಚದ ಅಳತೆಯಲ್ಲಿ. ನಿಂತ ನೀರಿನಲ್ಲಿ ನಡೆದು ಬಂದವರು ಇಲಿಜ್ವರದ ಮಾತ್ರೆಗಾಗಿ 72 ಗಂಟೆಯೊಳಗೆ ಡಾಕ್ಟರರನ್ನು ನೋಡಲೇಬೇಕು. ಕಾಲಿಗೆ ಗಾಯ ಇದ್ದರಂತೂ ತಡ ಮಾಡಬೇಡಿ.

ದುಡ್ಡು ಸಣ್ಣ ನೋಟುಗಳಲ್ಲಿ ಸ್ವಲ್ಪ ಇರಲಿ. ನೆಟ್‌ವರ್ಕ್ ಇಲ್ಲದ ದಿನ ಯುಪಿಐ ನಡೆಯುವುದಿಲ್ಲ. ಕಾಗದಪತ್ರ ಜಿಪ್ ಚೀಲದಲ್ಲಿ, ಅದರಲ್ಲೇ ಕೈಯಲ್ಲಿ ಬರೆದ ಫೋನ್ ನಂಬರುಗಳು. ಪಾಲಿಕೆಯ ವಿಪತ್ತು ಸಹಾಯವಾಣಿ 1916, ಎಲ್ಲದಕ್ಕೂ 112. ಪಾಲಿಕೆ ಪ್ರತಿ ಮಳೆಗಾಲಕ್ಕೆ ಮುಂಚೆ ನಾಲ್ಕೂವರೆ ಮೀಟರಿಗಿಂತ ಎತ್ತರದ ಭರತದ, ಅಂದರೆ ಸಮುದ್ರದ ಉಬ್ಬರದ, ದಿನಗಳ ಪಟ್ಟಿ ಹೊರಡಿಸುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಭರತದ ಹೊತ್ತಿಗೆ ಗಟಾರದ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಆಗಲೇ ಜೋರು ಮಳೆ ಬಂದರೆ ನೀರು ರಸ್ತೆಯಲ್ಲೇ ನಿಲ್ಲುತ್ತದೆ. ಆ ದಿನ ಮಗಳನ್ನು ಕ್ಲಾಸಿಗೆ ಕಳಿಸಬೇಕೋ ಬೇಡವೋ ಅಂತ ಮೊದಲೇ ಯೋಚಿಸಬಹುದು.

ಕೊನೆಗೆ ನೆರೆಹೊರೆ. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ನೀರು ನುಗ್ಗಿದರೆ ಅವರು ನಮ್ಮ ಮನೆಗೆ ಬರಬೇಕು ಅಂತ ಈಗಲೇ ಮಾತಾಗಿದೆ, ಅವರ ಬಿಪಿ ಮಾತ್ರೆಯ ಒಂದು ಸ್ಟ್ರಿಪ್ ನಮ್ಮ ಕಪಾಟಿನಲ್ಲೇ ಇದೆ. ನಮ್ಮ ನಾಲ್ವರ ಲೆಕ್ಕದ ಮೇಲೆ ಅವರಿಬ್ಬರ ಅವಲಕ್ಕಿ, ನೀರನ್ನೂ ಬೇರೆಯಾಗಿ ಇಡುತ್ತೇವೆ. ಕಾಕು ಮನೆಯಲ್ಲಿ ಇನ್ವರ್ಟರ್ ಇದೆ, ಫೋನ್ ಚಾರ್ಜು ಅಲ್ಲಿ. ಹೊಸದಾಗಿ ಬಾಡಿಗೆಗೆ ಬಂದವರು ಪರಿಚಯ ಇಲ್ಲ ಅಂತ ಸುಮ್ನೆ ಕೂರಬೇಡಿ. ನೆಲದ ಟ್ಯಾಂಕಿನ ಮುಚ್ಚಳ ಗಟ್ಟಿ ಇದೆಯಾ, ಪಂಪಿನ ಕೀ ಯಾರ ಹತ್ತಿರ ಇರುತ್ತದೆ, ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಈ ಮೂರನ್ನು ನಾಳೆಯೇ ವಾಚ್‌ಮನ್ ಅವರನ್ನು ಕೇಳಿ. ವಾಪಸ್ ಬರುವಾಗ ಎರಡು ನೀರಿನ ಕ್ಯಾನು ತನ್ನಿ.